ಚಿಕ್ಕ ಕೈಗೆ ಚಿಕ್ಕ ಪಿಸ್ತೂಲು ಸಾಕಾ?

(ದಾವಣಗೆರೆಯಲ್ಲಿ ಕಾಲೇಜು ಹುಡುಗಿಯರು ಮತ್ತು ಅವರ ತಂದೆತಾಯಂದಿರ ಎದುರು ಪಿಸ್ತೂಲು ಶೂಟಿಂಗ್ ಆಟದ ಬಗ್ಗೆ ಆಡಿದ ಮಾತಿನ ಬರಹ ರೂಪ. ಅಂದು ಕೈಯಲ್ಲಿ ಹಿಡಿದು ತೋರಿಸಿದ್ದನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಪ್ರಶ್ನೆ. ಇಲ್ಲಿರುವ ಹುಡುಗಿಯರಲ್ಲಿ ತಮ್ಮ ಬಳೆಯ ಅಳತೆ ಗೊತ್ತಿರುವವರು ಕೈ ಎತ್ತಿ. ನೋಡಿ, ಹೆಚ್ಚೂಕಮ್ಮಿ ಎಲ್ಲರೂ ಎತ್ತಿದಿರಿ. ಎರಡು-ಎರಡು, ಎರಡು-ನಾಲ್ಕು, ಎರಡು-ಆರು. ಬಳೆ ಅಂಗಡಿಯವರು ಕೈಯನ್ನು ಒಮ್ಮೆ ಒತ್ತಿ ನೋಡಿದರೆ ಸಾಕು, ಅಳತೆ ಹೇಳಿಬಿಡುತ್ತಾರೆ. ಎರಡು-ನಾಲ್ಕರ ಕೈಗೆ ಎರಡು-ಎಂಟರ ಬಳೆ ಕೊಟ್ಟು "ಹಾಕ್ಕೋ ತಂಗಿ, ಅಭ್ಯಾಸ ಆಗುತ್ತೆ" ಅಂತ ಯಾರೂ ಹೇಳುವುದಿಲ್ಲ.

ಪಿಸ್ತೂಲು ಕೊಡುವಾಗ ಮಾತ್ರ ಹಾಗೆ ಹೇಳುತ್ತಾರೆ. ನನಗೂ ಹೇಳಿದರು. ನಾನು ಶೂಟಿಂಗ್ ಕಲಿಯಲು ಹೋದಾಗ ಹತ್ತೊಂಬತ್ತು ವರ್ಷ. ಮಣಿಕಟ್ಟಿನ ಗೆರೆಯಿಂದ ನಡುಬೆರಳಿನ ತುದಿವರೆಗೆ ನನ್ನ ಕೈ ಹದಿನಾರೂವರೆ ಸೆಂಟಿಮೀಟರ್. ಅಲ್ಲಿ ಇದ್ದದ್ದು ಒಂದೇ ಏರ್ ಪಿಸ್ತೂಲು, ಅಂದರೆ ಮದ್ದಿನ ಬದಲು ಗಾಳಿಯ ಒತ್ತಡದಿಂದ ಹೊಡೆಯುವಂಥದ್ದು. ಅದರ ಹಿಡಿ ಎತ್ತರದ ಗಂಡಸಿನ ಕೈಗೆ ಮಾಡಿದ್ದು. ಹಿಡಿದರೆ ತೋರುಬೆರಳು ಟ್ರಿಗರ್‌ಗೆ ಸರಿಯಾಗಿ ಎಟುಕುತ್ತಿರಲಿಲ್ಲ. ಕೇಳಿದೆ. "ಅಭ್ಯಾಸ ಮಾಡಮ್ಮ, ಕೈ ಹೊಂದಿಕೊಳ್ಳುತ್ತೆ" ಅಂದರು. ಎರಡು ವರ್ಷ ಹಾಗೇ ಹೊಡೆದೆ. ಹೆಬ್ಬೆರಳಿನ ಬುಡ ರಾತ್ರಿಯೆಲ್ಲ ನೋಯುತ್ತಿತ್ತು. ಗುರಿ ಯಾವಾಗಲೂ ಒಂದೇ ಪಕ್ಕಕ್ಕೆ ಹೋಗುತ್ತಿತ್ತು. ನನಗೆ ಏಕಾಗ್ರತೆ ಇಲ್ಲ, ಧೈರ್ಯ ಇಲ್ಲ, ಇದು ನನ್ನ ಆಟ ಅಲ್ಲ ಅಂದುಕೊಂಡು ಬಿಡುವುದರಲ್ಲಿದ್ದೆ. ಆಗ ಹಿರಿಯ ಶೂಟರ್ ಒಬ್ಬರು ನನ್ನ ಕೈ ನೋಡಿ, ಅರ ತಗೊಂಡು, ಆ ಹಿಡಿಯ ಮರವನ್ನು ಎರಡು ಕಡೆ ಉಜ್ಜಿ ಕಡಿಮೆ ಮಾಡಿಕೊಟ್ಟರು. ಅರ್ಧ ಗಂಟೆಯ ಕೆಲಸ. ಒಂದು ವಾರದಲ್ಲಿ ನನ್ನ ಹೊಡೆತಗಳು ಒತ್ತಾಗಿ ಬೀಳತೊಡಗಿದವು. ಆ ಎರಡು ವರ್ಷ ನನಗೆ ವಾಪಸ್ ಸಿಗಲಿಲ್ಲ. ಇಲ್ಲಿ ಕೂತಿರುವ ಒಬ್ಬ ಹುಡುಗಿಗೂ ಹಾಗೆ ಆಗಬಾರದು ಅಂತಲೇ ಇವತ್ತು ಬಂದಿದ್ದೇನೆ.

ನಾನು ಮುಖ್ಯವಾಗಿ ಮಾತಾಡುವುದು ಹತ್ತು ಮೀಟರ್ ಏರ್ ಪಿಸ್ತೂಲಿನ ಬಗ್ಗೆ, ಅಂದರೆ ಹತ್ತು ಮೀಟರ್ ದೂರದ ಗುರಿಗೆ ಹೊಡೆಯುವ ಆಟ. ನಮ್ಮಂಥ ಊರಿನ ಹುಡುಗಿ ಶುರು ಮಾಡಲು ಸಾಧ್ಯವಿರುವುದು ಅದರಿಂದಲೇ. ಮದ್ದುಗುಂಡು ಬೇಡ, ಮೂವತ್ಮೂರು ಅಡಿ ಉದ್ದದ ಜಾಗ ಸಾಕು. ಕಾನೂನೂ ದಾರಿ ಬಿಟ್ಟಿದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ, ಗಾಳಿಯಿಂದ ಹೊಡೆಯುವ ಕೋವಿಯ ನಳಿಗೆಯ ತೂತು 0.177 ಇಂಚಿಗಿಂತ ದೊಡ್ಡದಿದ್ದರೆ, ಅಥವಾ ಶಕ್ತಿ 20 ಜೂಲ್‌ಗಿಂತ ಜಾಸ್ತಿ ಇದ್ದರೆ ಲೈಸೆನ್ಸ್ ಬೇಕು. ಸ್ಪರ್ಧೆಯ ಏರ್ ಪಿಸ್ತೂಲಿನ ನಳಿಗೆಯ ತೂತು 4.5 ಮಿಲಿಮೀಟರ್, ಅಂದರೆ ಅದೇ 0.177 ಇಂಚು. ಶಕ್ತಿ ಏಳೆಂಟು ಜೂಲ್ ಕೂಡ ದಾಟುವುದಿಲ್ಲ. ಹಾಗಂತ ಇದು ಆಟದ ಸಾಮಾನಲ್ಲ. ಕಣ್ಣಿಗೆ ತಗುಲಿದರೆ ಕಣ್ಣು ಹೋಗುತ್ತದೆ. ಪಿಸ್ತೂಲಿನ ಬಾಯಿ ಯಾವಾಗಲೂ ಗುರಿಯ ಕಡೆ, ಬೆರಳು ಹೊಡೆಯುವ ಹೊತ್ತಿನವರೆಗೆ ಟ್ರಿಗರ್‌ನಿಂದ ಹೊರಗೆ. ಇದನ್ನು ನಾನು ಇವತ್ತು ಒಂದೇ ಸಲ ಹೇಳುತ್ತೇನೆ. ರೇಂಜಿನಲ್ಲಿ, ಅಂದರೆ ಅಭ್ಯಾಸ ಮಾಡುವ ಜಾಗದಲ್ಲಿ, ನಿಮಗೆ ದಿನಾ ಹೇಳುತ್ತಾರೆ, ದಿನಾ ಕೇಳಿಸಿಕೊಳ್ಳಿ.

2024ರ ಪ್ಯಾರಿಸ್ ಒಲಿಂಪಿಕ್ಸ್ ನಿಮ್ಮಲ್ಲಿ ಬಹಳ ಜನ ಫೋನಿನಲ್ಲಿ ನೋಡಿರುತ್ತೀರಿ. ಮನು ಭಾಕರ್ ಹತ್ತು ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದರು. ಆಮೇಲೆ ಸರಬ್ಜೋತ್ ಸಿಂಗ್ ಜೊತೆ ಮಿಶ್ರ ತಂಡದಲ್ಲಿ ಇನ್ನೊಂದು ಕಂಚು. ಶೂಟಿಂಗ್‌ನಲ್ಲಿ ಒಲಿಂಪಿಕ್ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ಅವರು. ಅದಕ್ಕೂ ಮೊದಲು ಟೋಕಿಯೊದಲ್ಲಿ ಸ್ಪರ್ಧೆಯ ನಡುವೆಯೇ ಅವರ ಪಿಸ್ತೂಲು ಕೆಟ್ಟು ಅಮೂಲ್ಯ ನಿಮಿಷಗಳು ಹೋಗಿದ್ದವು, ಫೈನಲ್ ತಪ್ಪಿತ್ತು. ನಮ್ಮ ರಾಜ್ಯದ ದಿವ್ಯಾ ಟಿ.ಎಸ್. ಇದೇ ಸರಬ್ಜೋತ್ ಜೊತೆ 2023ರಲ್ಲಿ ಬಾಕು ವಿಶ್ವಕಪ್‌ನ ಮಿಶ್ರ ತಂಡದ ಚಿನ್ನ ತಂದರು. ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೊ ಒಲಿಂಪಿಕ್ಸ್‌ಗೆ ಹೋಗಿದ್ದು ಪಿಸ್ತೂಲು ಹಿಡಿದೇ. ಪ್ಯಾರಿಸ್‌ನಲ್ಲಿ ಒಂದು ಕೈ ಜೇಬಿನಲ್ಲಿಟ್ಟು ನಿಂತ ಟರ್ಕಿಯ ಯೂಸುಫ್ ಡಿಕೆಚ್ ಅವರ ಚಿತ್ರವಂತೂ ಎಲ್ಲರ ಫೋನಿಗೂ ಬಂತು, ಅಲ್ವಾ? ಅವರು ಗತ್ತಿಗೆ ಜೇಬಿಗೆ ಕೈ ಹಾಕಿದ್ದಲ್ಲ. ಈ ಆಟದಲ್ಲಿ ಪಿಸ್ತೂಲನ್ನು ಒಂದೇ ಕೈಯಲ್ಲಿ ಹಿಡಿಯಬೇಕು, ಎರಡನೆಯ ಕೈ ಆಸರೆ ಕೊಡುವಂತಿಲ್ಲ. ಅದನ್ನು ಅಲ್ಲಾಡದ ಹಾಗೆ ಎಲ್ಲಾದರೂ ಇಡಬೇಕು.

ಒಂದೇ ಕೈ ಅಂದ ಮೇಲೆ ಆ ಕೈಗೂ ಆ ಹಿಡಿಗೂ ಇರುವ ಸಂಬಂಧವೇ ಎಲ್ಲ. ಎಷ್ಟು ಸೂಕ್ಷ್ಮ ಅಂತ ಲೆಕ್ಕ ಹಾಕಿ ತೋರಿಸುತ್ತೇನೆ. ಗುರಿಯಲ್ಲಿ ಹತ್ತು ಅಂಕದ ನಡುವೃತ್ತ 11.5 ಮಿಲಿಮೀಟರ್ ಅಗಲ, ಅಂಗಿಯ ಗುಂಡಿಯಷ್ಟು. ಗುರಿ ನೋಡಲು ಪಿಸ್ತೂಲಿನ ಮೇಲೆ ಎರಡು ಸೈಟು ಇರುತ್ತವೆ, ಹಿಂದೆ ಒಂದು ಸಂದು, ಮುಂದೆ ಒಂದು ಮೊನೆ. ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವೆ ಸುಮಾರು 33 ಸೆಂಟಿಮೀಟರ್ ಅಂತಿಟ್ಟುಕೊಳ್ಳಿ. ಟ್ರಿಗರ್ ಎಳೆಯುವಾಗ ಮುಂದಿನ ಸೈಟು ಬರೀ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ, ಹತ್ತು ಮೀಟರ್ ಆಚೆ ಅದು 30 ಮಿಲಿಮೀಟರ್ ಆಗುತ್ತದೆ. ಹತ್ತಕ್ಕೆ ಬೀಳಬೇಕಿದ್ದ ಪೆಲೆಟ್, ಅಂದರೆ ಆ ಸಣ್ಣ ಗುಂಡು, ಏಳಕ್ಕೆ ಬೀಳುತ್ತದೆ. ಒಂದು ಮಿಲಿಮೀಟರ್ ಸಾಕು. ಎಟುಕದ ಬೆರಳು ಮಾಡುವ ಅನಾಹುತ ಇದು. ಬೆರಳು ಟ್ರಿಗರನ್ನು ನೆಟ್ಟಗೆ ಹಿಂದಕ್ಕೆ ಎಳೆಯಬೇಕು. ಎಟುಕದಿದ್ದರೆ ಬೆರಳ ತುದಿ ಅದನ್ನು ಪಕ್ಕಕ್ಕೆ ದೂಡುತ್ತದೆ. ಜೊತೆಗೆ ಬೆರಳಿನ ಬುಡ ಹಿಡಿಯ ಮರಕ್ಕೆ ಅಂಟಿಕೊಂಡಿದ್ದರೆ, ಎಳೆದಾಗ ಮರವನ್ನೂ ಎಳೆದುಕೊಂಡೇ ಬರುತ್ತದೆ.

ಅದಕ್ಕೆ ಚಿಕ್ಕ ಕೈಯವರು ಏನು ಮಾಡುತ್ತಾರೆ ಗೊತ್ತಾ? ಬೆರಳು ಎಟುಕಿಸಲು ಇಡೀ ಅಂಗೈಯನ್ನೇ ಹಿಡಿಯ ಸುತ್ತ ತಿರುಗಿಸುತ್ತಾರೆ. ಯಾರೂ ಹೇಳಿಕೊಡುವುದಿಲ್ಲ, ಕೈ ತಾನಾಗಿ ಹಾಗೆ ಹೋಗುತ್ತದೆ. ಆಗ ಪಿಸ್ತೂಲು ಹೆಬ್ಬೆರಳು ಮತ್ತು ತೋರುಬೆರಳಿನ ಸಂದಿನಲ್ಲಿ ಕೂರುವ ಬದಲು ಹೆಬ್ಬೆರಳಿನ ಬುಡದ ಮೂಳೆಯ ಮೇಲೆ ಕೂರುತ್ತದೆ. ನಳಿಗೆ ಒಂದು ದಿಕ್ಕು, ಮುಂಗೈ ಒಂದು ದಿಕ್ಕು. ಅದನ್ನು ಸರಿಮಾಡಲು ಮಣಿಕಟ್ಟನ್ನು ತಿರುಚಬೇಕು. ನನ್ನ ಎರಡು ವರ್ಷದ ನೋವು ಬಂದದ್ದು ಅಲ್ಲಿಂದ.

ಹಾಗಾಗಿ ಪಿಸ್ತೂಲಿನ ಬ್ರ್ಯಾಂಡ್ ಕೇಳುವ ಮೊದಲು ನಿಮ್ಮ ಕೈ ಅಳೆಯಿರಿ. ಒಂದು ಬಿಳಿ ಹಾಳೆ, ಒಂದು ಪೆನ್ಸಿಲ್ ಸಾಕು. ಹೊಡೆಯುವ ಕೈಯನ್ನು ಹಾಳೆಯ ಮೇಲೆ ಬಿಡಿಸಿ ಇಟ್ಟು, ಚಿಕ್ಕ ಮಕ್ಕಳು ಎಳೆಯುವ ಹಾಗೆ ಸುತ್ತಲೂ ಗೆರೆ ಎಳೆಯಿರಿ. ಮಣಿಕಟ್ಟಿನ ಗೆರೆಯಿಂದ ನಡುಬೆರಳಿನ ತುದಿಗೆ ಎಷ್ಟು, ಅಂಗೈ ಅಗಲ ಎಷ್ಟು ಬರೆದುಕೊಳ್ಳಿ. ಮೂರನೆಯ ಅಳತೆ ಎಲ್ಲಕ್ಕಿಂತ ಮುಖ್ಯ. ಹೆಬ್ಬೆರಳು-ತೋರುಬೆರಳಿನ ಸಂದಿನಿಂದ ತೋರುಬೆರಳ ತುದಿಯ ಮೆತ್ತನೆ ಭಾಗದ ನಡುವಿನವರೆಗೆ. ಟ್ರಿಗರ್ ಮೇಲೆ ಕೂರಬೇಕಾದ್ದು ಆ ಮೆತ್ತನೆ ಭಾಗ. ಅಳತೆಗೆ ಹಿಡಿ ಮಾಡಿಕೊಡುವ ಕುಶಲಿಗರು ಜರ್ಮನಿಯಲ್ಲಿದ್ದಾರೆ. ಅವರೂ ಕೇಳುವುದು ಇಂಥ ಒಂದು ಕೈಚಿತ್ರವನ್ನೇ.

ಈಗ "ಕಾಂಪ್ಯಾಕ್ಟ್" ಅನ್ನುವ ಮಾತಿಗೆ ಬರುತ್ತೇನೆ. ಅಂಗಡಿಯಲ್ಲಿ "ಚಿಕ್ಕ ಕೈ" ಅಂದ ಕೂಡಲೇ ಮುಂದಿಡುವುದು ಕಾಂಪ್ಯಾಕ್ಟ್ ಪಿಸ್ತೂಲು. ಸ್ಟೇಯರ್, ವಾಲ್ಥರ್, ಮೊರಿನಿ, ಪಾರ್ಡಿನಿ, ಫೈನ್‌ವರ್ಕ್‌ಬಾವ್, ಈ ಕಂಪನಿಗಳ ಹೆಸರುಗಳನ್ನು ರೇಂಜಿನಲ್ಲಿ ದಿನಾ ಕೇಳುತ್ತೀರಿ. ಇವುಗಳಲ್ಲಿ ಪೂರ್ತಿ ಉದ್ದದ್ದೂ ಸಿಗುತ್ತದೆ, ಗಿಡ್ಡ ನಳಿಗೆಯದೂ ಸಿಗುತ್ತದೆ. ಗಿಡ್ಡದ್ದು ಸ್ವಲ್ಪ ಹಗುರ, ತೂಕ ಕೈಯ ಹತ್ತಿರಕ್ಕೆ ಬರುತ್ತದೆ. ಆದರೆ ಗಿಡ್ಡ ಆದದ್ದು ನಳಿಗೆ. ಹಿಡಿ ಗಿಡ್ಡ ಆಗಿಲ್ಲ! ಟ್ರಿಗರ್‌ಗೂ ಹಿಡಿಯ ಬೆನ್ನಿಗೂ ನಡುವಿನ ದೂರ ಅಷ್ಟೇ ಇದೆ. ಇದನ್ನು ದಯವಿಟ್ಟು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಚಿಕ್ಕ ಪಿಸ್ತೂಲು ಬೇರೆ, ಚಿಕ್ಕ ಕೈಗೆ ಹೊಂದುವ ಪಿಸ್ತೂಲು ಬೇರೆ. ಎಷ್ಟೋ ಮನೆಯವರು ಇವೆರಡನ್ನೂ ಒಂದೇ ಅಂದುಕೊಂಡು ಲಕ್ಷ ದಾಟಿದ ದುಡ್ಡು ಕೊಟ್ಟು ಬರುತ್ತಾರೆ. ಮಗಳ ಬೆರಳು ಆಗಲೂ ಎಟುಕುವುದಿಲ್ಲ.

ನಳಿಗೆ ಗಿಡ್ಡವಾದರೆ ಒಂದು ನಷ್ಟವೂ ಇದೆ. ಎರಡು ಸೈಟುಗಳ ನಡುವಿನ ದೂರ ಐದು ಸೆಂಟಿಮೀಟರ್ ಕಡಿಮೆ ಆಯಿತು ಅಂದುಕೊಳ್ಳಿ. ಆಗ ಅದೇ ಒಂದು ಮಿಲಿಮೀಟರ್ ತಪ್ಪು ಗುರಿಯಲ್ಲಿ ಸುಮಾರು 36 ಮಿಲಿಮೀಟರ್ ಆಗುತ್ತದೆ. ಏಳಕ್ಕೆ ಬೀಳುತ್ತಿದ್ದದ್ದು ಆರಕ್ಕೆ ಬೀಳುತ್ತದೆ. ಹಾಗಿದ್ದರೂ ಸಣ್ಣ ಮೈಕಟ್ಟಿನ, ತೋಳಿನಲ್ಲಿ ಇನ್ನೂ ಬಲ ಬಾರದ ಹುಡುಗಿಗೆ ನಾನು ಗಿಡ್ಡದ್ದನ್ನೇ ಹೇಳುತ್ತೇನೆ. ಯಾಕೆಂದರೆ ಉದ್ದದ್ದನ್ನು ಹಿಡಿದು ತೋಳು ನಡುಗಿದರೆ ತಪ್ಪು ಒಂದು ಮಿಲಿಮೀಟರಿಗೆ ನಿಲ್ಲುವುದಿಲ್ಲ. ಅದು ತೋಳಿನ ಲೆಕ್ಕ. ಅಂಗೈ ಲೆಕ್ಕವನ್ನು ಅದಕ್ಕೆ ಬೆರೆಸಬೇಡಿ.

ತೋಳಿನ ಲೆಕ್ಕವನ್ನು ಮನೆಯಲ್ಲೇ ನೋಡಬಹುದು. ಸ್ಪರ್ಧೆಯ ನಿಯಮದಲ್ಲಿ ಏರ್ ಪಿಸ್ತೂಲು 1500 ಗ್ರಾಂ ದಾಟುವಂತಿಲ್ಲ. ಸಾಮಾನ್ಯವಾಗಿ ಒಂದು ಕಿಲೋ ಆಸುಪಾಸು ಇರುತ್ತದೆ. ಒಂದು ಲೀಟರ್ ನೀರಿನ ಬಾಟಲಿ ತುಂಬಿದರೆ ಅದೂ ಒಂದು ಕಿಲೋ. ಅದನ್ನು ತೋಳು ನೀಳವಾಗಿ ಚಾಚಿ ಹದಿನೈದು ಸೆಕೆಂಡ್ ಹಿಡಿಯಿರಿ, ಇಳಿಸಿ, ಅರ್ಧ ನಿಮಿಷ ಬಿಟ್ಟು ಮತ್ತೆ ಎತ್ತಿ. ಹತ್ತನೆಯ ಸಲಕ್ಕೆ ಹೆಗಲು ಏನು ಹೇಳುತ್ತದೆ ಕೇಳಿ. ಪಂದ್ಯದಲ್ಲಿ 75 ನಿಮಿಷದಲ್ಲಿ 60 ಸಲ ಹೊಡೆಯಬೇಕು. ಮೊದಲು ಹೆಂಗಸರಿಗೆ 40 ಇತ್ತು, 2018ರಿಂದ ಗಂಡಸರಷ್ಟೇ 60 ಮಾಡಿದರು. ಸರಿಹೋಗದೆ ಹೊಡೆಯದೇ ಇಳಿಸಿದ್ದನ್ನು ಸೇರಿಸಿದರೆ ನೂರು ಸಲ ಎತ್ತಿದಂತೆ. ಮೊದಲ ತಿಂಗಳು ಅರ್ಧ ಲೀಟರ್ ಬಾಟಲಿಯಿಂದ ಶುರು ಮಾಡಿ. ತೋಳು ಬಲಿಯುತ್ತದೆ. ವ್ಯಾಯಾಮದಿಂದ ಅಂಗೈ ಉದ್ದ ಬೆಳೆಯುವುದಿಲ್ಲ. ಅದಕ್ಕೇ ತೋಳಿಗೆ ವ್ಯಾಯಾಮ ಹೇಳುತ್ತೇನೆ, ಅಂಗೈಗೆ ಹಿಡಿಯನ್ನೇ ಬದಲಿಸಿ ಅನ್ನುತ್ತೇನೆ.

ಹೌದು, ಹಿಡಿ ಬದಲಿಸಬಹುದು. ಇದು ಬಹಳ ಜನ ತಂದೆತಾಯಂದಿರಿಗೆ ಗೊತ್ತಿಲ್ಲ. ಸ್ಪರ್ಧೆಯ ಪಿಸ್ತೂಲಿನಲ್ಲಿ ಮರದ ಹಿಡಿ ಬೇರೆ, ಲೋಹದ ಭಾಗ ಬೇರೆ. ಸ್ಕ್ರೂ ಬಿಚ್ಚಿದರೆ ಹಿಡಿ ಕೈಗೆ ಬರುತ್ತದೆ. ಚಿಕ್ಕದು, ನಡುವಿನದು, ದೊಡ್ಡದು ಅಂತ ಅಳತೆಗಳಲ್ಲಿ ಬಿಡಿಯಾಗಿ ಸಿಗುತ್ತದೆ, ಕೆಲವರು ತೀರಾ ಚಿಕ್ಕದನ್ನೂ ಮಾಡುತ್ತಾರೆ. ಎಡಗೈಗೆ ಬೇರೆ, ಬಲಗೈಗೆ ಬೇರೆ. ಶಾಲೆ ಯೂನಿಫಾರಂ ಕೊಳ್ಳುವಾಗ ಬೆಳೆಯುವ ಮಕ್ಕಳು ಅಂತ ಒಂದು ಸೈಜು ದೊಡ್ಡದು ತಂದು ಮಡಚಿ ಹೊಲಿಸುತ್ತೇವೆ. ಪಿಸ್ತೂಲಿನ ಹಿಡಿಯನ್ನು ಹಾಗೆ ತರಬೇಡಿ. ಈಗಿನ ಕೈಗೆ ಈಗಿನ ಹಿಡಿ. ಕೈ ಬೆಳೆದರೆ ಹಿಡಿ ಮಾತ್ರ ಬದಲಿಸಿ, ಪಿಸ್ತೂಲು ಅದೇ ಇರಲಿ.

ಟ್ರಿಗರಿನ ನಾಲಿಗೆಯನ್ನೂ ಹಿಂದೆ ಮುಂದೆ ಸರಿಸಬಹುದು. ಒಳ್ಳೆಯ ಏರ್ ಪಿಸ್ತೂಲುಗಳಲ್ಲಿ ಅದಕ್ಕೊಂದು ಸಣ್ಣ ಸ್ಕ್ರೂ ಇರುತ್ತದೆ. ಪೂರ್ತಿ ಹಿಂದಕ್ಕೆ ತಂದರೆ ಚಿಕ್ಕ ಬೆರಳಿಗೆ ಕೆಲವು ಮಿಲಿಮೀಟರ್ ಉಳಿಯುತ್ತದೆ. ಹಿಡಿಯ ಕೆಳಗಿನ ಅಂಗೈ ಪಟ್ಟಿಯನ್ನೂ ಮೇಲೆ ಕೆಳಗೆ ಮಾಡಬಹುದು. ಅದು ಅಂಗೈಯನ್ನು ಹಿಂಡಬಾರದು, ಅದರ ಮೇಲೆ ಕೈ ಹಗುರವಾಗಿ ಕೂತಿರಬೇಕು. ಟ್ರಿಗರ್ ತೂಕ, ಅಂದರೆ ಅದನ್ನು ಎಳೆಯಲು ಬೇಕಾದ ಬಲ, ಕನಿಷ್ಠ 500 ಗ್ರಾಂ ಇರಲೇಬೇಕು ಅಂತ ನಿಯಮ. ಹಿಡಿಯ ಯಾವ ಭಾಗವೂ ಮಣಿಕಟ್ಟಿಗೆ ಆಸರೆ ಆಗಬಾರದು. ಇಷ್ಟರೊಳಗೆ ನಿಮ್ಮ ಕೈಗೆ ಏನು ಬೇಕೋ ಮಾಡಿಕೊಳ್ಳಬಹುದು.

ನಾನು ಹೊಸ ಹುಡುಗಿಯರ ಹಿಡಿ ಸರಿಮಾಡುವಾಗ ಅರಿಶಿನ ಬಳಸುತ್ತೇನೆ. ಅಂಗೈಗೆ ತೆಳ್ಳಗೆ ಅರಿಶಿನ ಸವರಿ, ಹೊಡೆಯುವ ಹಾಗೆ ಹಿಡಿದು, ಮೆಲ್ಲಗೆ ಬಿಡಬೇಕು. ಮರದ ಮೇಲೆ ಎಲ್ಲೆಲ್ಲಿ ಹಳದಿ ಬಿತ್ತೋ ಅಲ್ಲಿ ಕೈ ತಾಗುತ್ತಿದೆ. ಬೀಳದ ಕಡೆ ಟೊಳ್ಳು. ದೊಡ್ಡ ಹಿಡಿ ಹಿಡಿದ ಚಿಕ್ಕ ಕೈಯಲ್ಲಿ ಬೆರಳ ತುದಿಗಳ ಗುರುತು ಮತ್ತು ಹೆಬ್ಬೆರಳ ಬುಡದ ಗುರುತು ಮಾತ್ರ ಬೀಳುತ್ತದೆ. ನಡುವಿನ ಅಂಗೈ ಖಾಲಿ. ಎತ್ತರ ಇರುವ ಕಡೆ ಅರದಿಂದ ಉಜ್ಜಿ ತೆಗೆಯುತ್ತೇನೆ, ಆಮೇಲೆ ಸ್ಯಾಂಡ್‌ಪೇಪರ್. ಟೊಳ್ಳು ಇರುವ ಕಡೆ ಮರಕ್ಕೆ ಹಚ್ಚುವ ಎಪಾಕ್ಸಿ ಪುಟ್ಟಿ ತುಂಬುತ್ತೇನೆ. ಒಂದೇ ದಿನ ಎಲ್ಲ ತೆಗೆಯಬೇಡಿ. ಅರ್ಧ ಮಿಲಿಮೀಟರ್ ತೆಗೆದು, ಒಂದು ವಾರ ಹೊಡೆದು, ಮತ್ತೆ ನೋಡಿ. ಹಳ್ಳಿಯಲ್ಲಿ ಕುಡುಗೋಲಿಗೆ ಹಿಡಿ ಹಾಕಿಸುವಾಗ ಬಡಿಗೇರರು ಹೇಗೆ ಮಾಡುತ್ತಾರೆ? "ಹಿಡಿದು ನೋಡವ್ವ" ಅಂತ ಕೊಡುತ್ತಾರೆ, ವಾಪಸ್ ಇಸ್ಕೊಂಡು ಇನ್ನೊಂದಿಷ್ಟು ಕೆತ್ತುತ್ತಾರೆ. ದಿನವಿಡೀ ಕೊಯ್ಲು ಮಾಡುವ ಕೈಗೆ ಬೊಕ್ಕೆ ಬಂದರೆ ಅದು ಹಿಡಿಯ ತಪ್ಪು ಅಂತ ಅವರಿಗೆ ಗೊತ್ತು. ಆ ತಿಳುವಳಿಕೆ ಶೂಟಿಂಗ್ ರೇಂಜಿಗೂ ಬರಬೇಕು ಅನ್ನುವುದು ನನ್ನ ಆಸೆ.

ಹಿಡಿ ಸರಿಯಾಯಿತೋ ಇಲ್ಲವೋ ತಿಳಿಯಲು ಒಂದು ಪರೀಕ್ಷೆ ಇದೆ. ಖಾಲಿ ಪಿಸ್ತೂಲು, ಎದುರಿಗೆ ಖಾಲಿ ಗೋಡೆ. ಕಣ್ಣು ಮುಚ್ಚಿ. ತೋಳು ಎತ್ತಿ. ಮಣಿಕಟ್ಟು ಗಟ್ಟಿ ಮಾಡಿ, ಕಣ್ಣು ಬಿಡಿ. ಹಿಂದಿನ ಸೈಟಿನ ಸಂದಿನ ನಟ್ಟನಡುವೆ ಮುಂದಿನ ಸೈಟು ನಿಂತಿದೆಯಾ? ಹತ್ತು ಸಲ ಮಾಡಿ. ಒಮ್ಮೆ ಎಡ, ಒಮ್ಮೆ ಬಲ ಆದರೆ ನಿಮ್ಮ ಅಭ್ಯಾಸ ಸಾಲದು. ಹತ್ತಕ್ಕೆ ಒಂಬತ್ತು ಸಲ ಒಂದೇ ಕಡೆ ವಾಲಿದ್ದರೆ ಹಿಡಿ ತಪ್ಪು. ಈ ಒಂದು ಪರೀಕ್ಷೆ ನನಗೆ ಹತ್ತೊಂಬತ್ತರಲ್ಲಿ ಗೊತ್ತಿದ್ದರೆ ಸಾಕಿತ್ತು.

ನಮ್ಮ ಕಡೆ ಹೆಣ್ಣುಮಗಳು, ಆಯುಧ ಅಂದ ಕೂಡಲೇ ಓಬವ್ವನ ನೆನಪು ಬರುತ್ತದೆ. ಚಿತ್ರದುರ್ಗದ ಕೋಟೆ ಇಲ್ಲಿಂದ ಅರವತ್ತು ಕಿಲೋಮೀಟರ್. ಆ ಕಿಂಡಿಯ ಮುಂದೆ ನಿಂತಾಗಲೆಲ್ಲ ನಾನು ಅವಳ ಧೈರ್ಯದ ಜೊತೆ ಅವಳ ಕೈಯ ಬಗ್ಗೆಯೂ ಯೋಚಿಸುತ್ತೇನೆ. ಅವಳು ಎತ್ತಿಕೊಂಡದ್ದು ದಿನಾ ಕುಟ್ಟಿದ ಒನಕೆ. ಅದರ ತೂಕ ಅವಳ ತೋಳಿಗೆ ಗೊತ್ತಿತ್ತು. ಎಲ್ಲಿ ಹಿಡಿದರೆ ಸಮತೂಕ ಅಂತ ಅಂಗೈಗೆ ಗೊತ್ತಿತ್ತು. ಆ ಹೊತ್ತಿನಲ್ಲಿ ಹಿಡಿಯುವುದು ಹೇಗೆ ಅಂತ ಯೋಚಿಸಬೇಕಾಗಿರಲಿಲ್ಲ.

ಹಳೆಯ ಪಿಸ್ತೂಲು ಕೊಳ್ಳುವವರಿಗೆ ಒಂದೇ ಮಾತು. ಗಾಳಿ ತುಂಬುವ ಸಿಲಿಂಡರ್ ಮೇಲೆ ತಯಾರಾದ ದಿನಾಂಕ ಕೆತ್ತಿರುತ್ತದೆ. ಒಳಗೆ 200 ಬಾರ್ ಒತ್ತಡ ಇರುತ್ತದೆ, ಹತ್ತು ವರ್ಷಕ್ಕೆ ಅದರ ಆಯಸ್ಸು ಮುಗಿಯುತ್ತದೆ. ಹಿಡಿ ನೋಡುವ ಮೊದಲು ಆ ದಿನಾಂಕ ನೋಡಿ.

ಇನ್ನು ಪ್ರಶ್ನೆಗಳು.

ಹಿಂದಿನ ಸಾಲಿನಿಂದ ಒಬ್ಬ ಅಕ್ಕ ಕೇಳಿದರು: "ಮೇಡಂ, ನಾನು ಆಟಕ್ಕಲ್ಲ ಕೇಳೋದು. ತೋಟದ ಮನೆಯಲ್ಲಿ ಒಬ್ಬಳೇ ಇರ್ತೀನಿ, ಆಗಾಗ ಮೊಮ್ಮಕ್ಕಳು ಬರ್ತಾರೆ. ಲೈಸೆನ್ಸ್ ತಗೊಂಡು ಬ್ಯಾಗಲ್ಲಿ ಇಡೋ ಅಂಥ ಚಿಕ್ಕ ರಿವಾಲ್ವರ್ ಯಾವುದು ಒಳ್ಳೇದು?"

ಈ ಪ್ರಶ್ನೆ ಎಲ್ಲ ಕಡೆ ಬರುತ್ತದೆ. ಅದಕ್ಕೆ ಸ್ವಲ್ಪ ನಿಧಾನವಾಗಿ ಉತ್ತರ ಕೊಟ್ಟೆ.

ನಮ್ಮ ದೇಶದಲ್ಲಿ ಆಯ್ಕೆ ಕಡಿಮೆ ಅಕ್ಕ. ಸೈನ್ಯ, ಪೊಲೀಸರು ಬಳಸುವ 9 ಎಂಎಂ ಗುಂಡಿನ ಪಿಸ್ತೂಲು ಜನಸಾಮಾನ್ಯರಿಗೆ ನಿಷಿದ್ಧ. ಸಿಗುವುದು ಹೆಚ್ಚಾಗಿ .32, ಅಂದರೆ 0.32 ಇಂಚು ಗುಂಡಿನ, ರಿವಾಲ್ವರ್ ಮತ್ತು ಪಿಸ್ತೂಲು. ಲೈಸೆನ್ಸಿಗೆ 21 ವರ್ಷ ತುಂಬಿರಬೇಕು, ಯಾಕೆ ಬೇಕು ಅನ್ನುವುದಕ್ಕೆ ಕಾರಣ ಕೊಡಬೇಕು, ಪೊಲೀಸ್ ವರದಿ ಬರಬೇಕು. ಸರ್ಕಾರಿ ಕಾರ್ಖಾನೆಯವರು 2014ರಲ್ಲಿ ಕಾನ್ಪುರದಿಂದ "ನಿರ್ಭೀಕ್" ಅಂತ ಒಂದು .32 ರಿವಾಲ್ವರ್ ತಂದರು. ಹೆಂಗಸರಿಗಾಗಿ, ಬ್ಯಾಗಿನಲ್ಲಿ ಇಡಲು ಅಂತಲೇ ಪ್ರಚಾರ ಮಾಡಿದರು. ತೂಕ 500 ಗ್ರಾಂ. ಆಗಿನ ಬೆಲೆ ಒಂದು ಲಕ್ಷ ಇಪ್ಪತ್ತೆರಡು ಸಾವಿರದ ಮೇಲೆ. 2012ರ ದೆಹಲಿಯ ನಿರ್ಭಯಾ ಘಟನೆಯ ನೋವು ಆ ಹೆಸರಿನಲ್ಲಿದೆ. ಆದರೆ ಹಗುರ ಅಂದರೆ ಸುಲಭ ಅಂತ ಅರ್ಥ ಅಲ್ಲ. ಗುಂಡು ಮುಂದೆ ಹೋದಷ್ಟೇ ಜೋರಾಗಿ ಕೋವಿ ಹಿಂದಕ್ಕೆ ಒದೆಯುತ್ತದೆ. ಕೋವಿ ಹಗುರವಾದಷ್ಟೂ ಒದೆತ ಜಾಸ್ತಿ. ಅದೇ ಗುಂಡನ್ನು 700 ಗ್ರಾಂ ರಿವಾಲ್ವರಿನಲ್ಲಿ ಹೊಡೆದದ್ದಕ್ಕಿಂತ 500 ಗ್ರಾಂ ರಿವಾಲ್ವರಿನಲ್ಲಿ ಹೊಡೆದರೆ ಒದೆತದ ಶಕ್ತಿ ಸುಮಾರು 40% ಹೆಚ್ಚು. ಹಿಡಿ ಗಿಡ್ಡ ಇದ್ದರೆ ಕಿರುಬೆರಳಿಗೆ ಜಾಗವೇ ಇರುವುದಿಲ್ಲ, ಅದು ಕೆಳಗೆ ನೇತಾಡುತ್ತದೆ. ಮೂರು ಬೆರಳಲ್ಲಿ ಆ ಒದೆತ ತಡೆಯಬೇಕು.

ಟ್ರಿಗರ್ ಇನ್ನೊಂದು ಕಷ್ಟ. ರಿವಾಲ್ವರಿನ ಹಿಂಬದಿಯ ಸುತ್ತಿಗೆಯನ್ನು (ಹ್ಯಾಮರ್) ಹೆಬ್ಬೆರಳಿನಿಂದ ಎಳೆದಿಡದೆ ನೇರವಾಗಿ ಟ್ರಿಗರ್ ಎಳೆದರೆ, ಸಾಮಾನ್ಯವಾಗಿ ಐದು ಕಿಲೋ ಆಸುಪಾಸು ಬಲ ಬೇಕು, ದೂರವೂ ಜಾಸ್ತಿ. ನಮ್ಮ ಏರ್ ಪಿಸ್ತೂಲಿನ ಹತ್ತರಷ್ಟು. ಎಟುಕದ ಬೆರಳಿನಿಂದ ಅದನ್ನು ಎಳೆಯಲು ಹೋದರೆ ನಳಿಗೆಯೇ ತಿರುಗಿಬಿಡುತ್ತದೆ. ಇನ್ನು .32 ಪಿಸ್ತೂಲಿನಲ್ಲಿ ಮೇಲೆ ಜಾರುವ ಭಾಗವನ್ನು, ಅಂದರೆ ಸ್ಲೈಡನ್ನು, ಹಿಂದಕ್ಕೆ ಎಳೆಯಬೇಕು. ಸ್ಪ್ರಿಂಗು ಬಿಗಿ. ಬೆರಳ ತುದಿಯಲ್ಲಿ ಚಿವುಟಿ ಎಳೆದರೆ ಆಗುವುದಿಲ್ಲ. ಒಂದು ಅಂಗೈಯಿಂದ ಸ್ಲೈಡನ್ನು ಪೂರ್ತಿ ಹಿಡಿದು ನಿಲ್ಲಿಸಿ, ಇನ್ನೊಂದು ಕೈಯಿಂದ ಪಿಸ್ತೂಲನ್ನು ಮುಂದಕ್ಕೆ ದೂಡಬೇಕು. ಆಗಲೂ ಬಾಯಿ ಯಾರ ಕಡೆಗೂ ತಿರುಗಬಾರದು. ಇದನ್ನು ಮಾಡಲು ಆಗದಿದ್ದರೆ ಆ ಪಿಸ್ತೂಲು ನಿಮಗಲ್ಲ.

ಹಾಗಾಗಿ ಅಕ್ಕ, ಅಂಗಡಿಯಲ್ಲಿ ಖಾಲಿ ರಿವಾಲ್ವರ್ ಹಿಡಿದು ಮೊದಲು ನೋಡಬೇಕಾದ್ದು ಬೆರಳು ಎಟುಕುತ್ತಾ ಅಂತ. ಆಮೇಲೆ ಕಿರುಬೆರಳಿಗೆ ಜಾಗ ಇದೆಯಾ, ಸುತ್ತಿಗೆ ಎಳೆಯದೆ ಹತ್ತು ಸಲ ಟ್ರಿಗರ್ ಎಳೆಯಬಲ್ಲಿರಾ ನೋಡಿ. ಖಾಲಿ ಎಳೆಯುವ ಮೊದಲು ಅಂಗಡಿಯವರನ್ನು ಕೇಳಿ. ಎರಡು ಇಂಚು ಉದ್ದ ಜಾಸ್ತಿ, ಇನ್ನೂರು ಗ್ರಾಂ ತೂಕ ಜಾಸ್ತಿ ಇದ್ದರೂ ಕೈಗೆ ಹೊಂದುವುದನ್ನೇ ನೋಡಿ. ಲೈಸೆನ್ಸಿಗೆ ತರಬೇತಿ ಇದೆ, ಅದನ್ನು ಕಾಗದಕ್ಕಾಗಿ ಮುಗಿಸಬೇಡಿ. ಮನೆಗೆ ಮೊಮ್ಮಕ್ಕಳು ಬರುತ್ತಾರೆ ಅಂದಿರಿ. ಬ್ಯಾಗಿನಲ್ಲಿ ಇಟ್ಟ ರಿವಾಲ್ವರ್ ಮೊದಲು ಸಿಗುವುದು ಮಗುವಿನ ಕೈಗೆ. ಬೀಗ ಹಾಕಿದ ಪೆಟ್ಟಿಗೆ, ಬೀಗದ ಕೈ ನಿಮ್ಮ ಹತ್ತಿರ, ಗುಂಡು ಬೇರೆ ಕಡೆ. ಇಷ್ಟು ಮಾಡಲು ಮನಸ್ಸಿಲ್ಲದಿದ್ದರೆ ಒಳ್ಳೆಯ ನಾಯಿ, ಗಟ್ಟಿ ಬಾಗಿಲು, ಪಕ್ಕದ ತೋಟದವರ ನಂಬರು ನಿಮ್ಮನ್ನು ಹೆಚ್ಚು ಕಾಯುತ್ತವೆ. ಇದನ್ನು ನಾನು ಪಿಸ್ತೂಲನ್ನು ಪ್ರೀತಿಸುವವಳಾಗಿಯೇ ಹೇಳುತ್ತಿದ್ದೇನೆ.

ಎನ್‌ಸಿಸಿಯ ಹುಡುಗಿಯೊಬ್ಬಳು ಕೇಳಿದಳು: "ನಾನು ಕ್ಯಾಂಪಿನಲ್ಲಿ .22 ರೈಫಲ್ ಹೊಡೆದಿದ್ದೀನಿ. ಪಿಸ್ತೂಲಿಗೆ ಅದು ಉಪಯೋಗಕ್ಕೆ ಬರುತ್ತಾ?" ಉಸಿರು ಹಿಡಿಯುವುದು, ಟ್ರಿಗರ್ ಮೆಲ್ಲಗೆ ಎಳೆಯುವುದು, ಅಪ್ಪಣೆ ಕೇಳುವ ಶಿಸ್ತು, ಇವೆಲ್ಲ ಬರುತ್ತವೆ. ಆದರೆ ರೈಫಲ್ ಭುಜಕ್ಕೆ ಆನಿಸಿಕೊಂಡಿರುತ್ತದೆ, ಎರಡು ಕೈಯೂ ಇರುತ್ತದೆ. ಹಿಡಿ ಸ್ವಲ್ಪ ಹೊಂದದಿದ್ದರೂ ನಡೆಯುತ್ತದೆ. ಪಿಸ್ತೂಲಿನಲ್ಲಿ ನಡೆಯುವುದಿಲ್ಲ. ನಿನ್ನ ಕೈ ಅಳೆದುಕೊಂಡು ಬಾ ಅಂದೆ.

ಕೊನೆಯ ಪ್ರಶ್ನೆ ಮುಂದಿನ ಸಾಲಿನ ತಾಯಿಯೊಬ್ಬರದು. "ನನ್ನ ಮಗಳಿಗೆ ಹನ್ನೆರಡು. ಟಿವಿಯಲ್ಲಿ ನೋಡಿದಾಗಿಂದ ಪಿಸ್ತೂಲು ಕೊಡಿಸು ಅಂತಾಳೆ. ಅವರಪ್ಪ ಸಾಲ ಮಾಡಿಯಾದರೂ ಕೊಡಿಸ್ತೀನಿ ಅಂತಿದ್ದಾರೆ. ಯಾವುದು ತರಲಿ?"

ಈಗ ಯಾವುದನ್ನೂ ತರಬೇಡಿ ಅಂದೆ. ತರಬೇತಿ ಕೊಡುವ ಕಡೆ ಇರುವ ಪಿಸ್ತೂಲಿನಲ್ಲೇ ಒಂದು ವರ್ಷ ಕಲಿಯಲಿ. ಚಿಕ್ಕ ಹಿಡಿ ಇದೆಯಾ ಅಂತ ಸೇರಿಸುವ ಮೊದಲೇ ಕೇಳಿ. ಇಲ್ಲ ಅಂದರೆ, ಹಿಡಿ ಮಾತ್ರ ನಾವು ತಂದುಕೊಡಬಹುದಾ ಕೇಳಿ. ಮೊದಲ ಕೆಲವು ತಿಂಗಳು ಮೇಜಿನ ಮೇಲೆ ಆಸರೆ ಇಟ್ಟು ಹೊಡೆಯಲಿ, ತೂಕ ತೋಳಿಗೆ ಬೀಳದಿರಲಿ. ನೋವು ಅಂದರೆ ಆ ದಿನ ನಿಲ್ಲಿಸಿ. "ಸಹಿಸಿಕೋ" ಅನ್ನಬೇಡಿ. ಆರು ತಿಂಗಳಿಗೊಮ್ಮೆ ಕೈಚಿತ್ರ ಎಳೆದು ದಿನಾಂಕ ಬರೆದಿಡಿ. ಗೆರೆ ಬೆಳೆಯುತ್ತಿರುವಷ್ಟು ದಿನ ದುಬಾರಿ ಹಿಡಿಗೆ ದುಡ್ಡು ಹಾಕಬೇಡಿ.

ಸಭೆ ಮುಗಿದು ಎಲ್ಲರೂ ಚಹಾಕ್ಕೆ ಎದ್ದಿದ್ದರು. ಆ ಹುಡುಗಿ ನನ್ನ ಹತ್ತಿರ ಬಂದು ಪೆನ್ಸಿಲ್ ಕೇಳಿದಳು. ಆಹ್ವಾನ ಪತ್ರಿಕೆಯ ಹಿಂದಿನ ಖಾಲಿ ಬದಿಯಲ್ಲಿ ಬಲಗೈ ಇಟ್ಟಳು. ಅವಳಮ್ಮ ಗೆರೆ ಎಳೆದರು. ನಡುಬೆರಳು ಕಾಗದದಿಂದ ಸ್ವಲ್ಪ ಹೊರಗೆ ಹೋಯಿತು, ಇನ್ನೊಂದು ಪತ್ರಿಕೆ ಜೋಡಿಸಿಕೊಂಡೆವು. ನನ್ನ ಬ್ಯಾಗಿನ ಟೇಪಿನಿಂದ ಅಳೆದೆ. ಹದಿನೈದು ಸೆಂಟಿಮೀಟರ್, ಮೂರು ಮಿಲಿಮೀಟರ್. ಅವಳೇ ಪಕ್ಕದಲ್ಲಿ ಬರೆದುಕೊಂಡಳು. ಅದರ ಕೆಳಗೆ ದಿನಾಂಕವನ್ನೂ ಹಾಕಿದಳು.